ಪೆಟ್ಟಿಗೆಯಿಂದ ಹೋಗದ ವೆಚ್ಚ

ನಮ್ಮ ಮನೆಯ ದೇವರ ಕೋಣೆಯಲ್ಲಿ ಪಂಚಾಂಗವಿಡುವ ಒಂದು ಗೂಡಿದೆ. 2018ರ ಜುಲೈ ತಿಂಗಳಿಂದ ಅದರಲ್ಲಿ ಒಂದು ಇಂಗ್ಲಿಷ್ ಪತ್ರವೂ ಇದೆ. ಅದು ಜಾತಕವಲ್ಲ, ಜಾಗದ ದಸ್ತಾವೇಜೂ ಅಲ್ಲ. ಮುಂಬಯಿಯ ಒಂದು ಖಾಸಗಿ ಬ್ಯಾಂಕು ನಮ್ಮ ಹಿರಿಯ ಮಗನಿಗೆ ಬರೆದ ಕಾಗದ. ಅವನು ಅದನ್ನು ಮೊಬೈಲಿನಲ್ಲಿ ಕಳುಹಿಸಿದ. ನಾವು ಕುಂಬಳೆ ಪೇಟೆಗೆ ಹೋಗಿ ಅಚ್ಚು ತೆಗೆಸಿ ತಂದೆವು. ಮನೆಯಾಕೆ ಅದರ ಮೂಲೆಗೆ ಕುಂಕುಮ ಹಚ್ಚಿ ಗೂಡಿನಲ್ಲಿಟ್ಟಳು.

ಕಾಗದದ ಸಾರಾಂಶ ಇಷ್ಟು: ಬ್ಯಾಂಕಿನ ಒಂದು ಸಾವಿರ ಷೇರುಗಳನ್ನು ತಲಾ 400 ರೂಪಾಯಿಯಂತೆ ಕೊಳ್ಳುವ ಹಕ್ಕನ್ನು ನಿಮಗೆ ಕೊಡಲಾಗಿದೆ. ಹಕ್ಕು ಒಮ್ಮೆಗೇ ಕೈಸೇರದು. ವರ್ಷಕ್ಕೆ 250ರಂತೆ ನಾಲ್ಕು ಕಂತು. ಕೈಸೇರಿದ ಕಂತಿಗೆ ಐದು ವರ್ಷದೊಳಗೆ ಹಣ ಕಟ್ಟಿ ಷೇರು ಪಡೆಯಬಹುದು, ಬೇಡವಾದರೆ ಬಿಡಬಹುದು. ನಡುವೆ ಕೆಲಸ ಬಿಟ್ಟು ಹೋದರೆ ಕೈಸೇರದ ಕಂತುಗಳು ರದ್ದಾಗುತ್ತವೆ.

ಬ್ಯಾಂಕು ಎಂಬುದು ನಮ್ಮ ಸೀಮೆಯವರಿಗೆ ಹೊಸತಲ್ಲ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲೇ ಮಂಗಳೂರು, ಉಡುಪಿಗಳಲ್ಲಿ ಒಂದರ ಹಿಂದೊಂದು ಬ್ಯಾಂಕು ಹುಟ್ಟಿದುವು: 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯ. ನಮ್ಮಲ್ಲಿ ಬ್ಯಾಂಕಿನ ನೌಕರಿ ಎಂದರೆ ತಿಂಗಳ ಸಂಬಳ, ತುಟ್ಟಿಭತ್ಯೆ, ಭವಿಷ್ಯನಿಧಿ. ಷೇರು ಎಂದರೆ ಹಣವಿದ್ದವರು ಬ್ಯಾಂಕಿನಲ್ಲಿ ತೊಡಗಿಸಿದ ಬಂಡವಾಳ. ದುಡಿಯುವವನಿಗೆ ಸಂಬಳ, ಒಡೆಯನಿಗೆ ಪಾಲು. ಇವೆರಡು ಬೇರೆಬೇರೆ ಎಂದೇ ನಾವು ತಿಳಿದಿದ್ದೆವು. ದುಡಿಯುವವನಿಗೂ ಪಾಲು ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಹೆಸರು ಮಾಡಿದ್ದು ಬೆಂಗಳೂರಿನಿಂದ. ಇನ್ಫೋಸಿಸ್ ಕಂಪೆನಿ 1994ರಲ್ಲಿಯೇ ತನ್ನ ನೌಕರರಿಗೆ ಷೇರು ನೀಡುವ ಯೋಜನೆ ಮಾಡಿತು. 1999ರಲ್ಲಿ ಸೆಬಿ ಇಂಥ ಯೋಜನೆಗಳಿಗೆ ನಿಯಮ ರಚಿಸಿತು. ಆ ಬಳಿಕ ಬ್ಯಾಂಕುಗಳೂ ಈ ದಾರಿ ಹಿಡಿದುವು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅದೇ ಬ್ಯಾಂಕಿನ 200 ಷೇರುಗಳು ನಮ್ಮ ಹೆಸರಿನಲ್ಲಿಯೂ ಇವೆ. ನಿವೃತ್ತಿಯ ಹಣದಲ್ಲಿ ಕೊಂಡವು. ನೌಕರರಿಗೆ ಷೇರಿನ ಹಕ್ಕು ಕೊಡಬೇಕಾದರೆ ಷೇರುದಾರರ ವಿಶೇಷ ನಿರ್ಣಯ ಬೇಕು; ವಿರುದ್ಧ ಬಿದ್ದ ಮತಗಳ ಮೂರು ಪಟ್ಟಾದರೂ ಪರವಾಗಿ ಬೀಳಬೇಕು. ಆ ನಿರ್ಣಯಕ್ಕೆ ನಾವು ‘ಸಮ್ಮತಿ’ ಎಂದು ಮತ ಹಾಕಿದ್ದೆವು. ಮಗನ ಮುಖ ಕಣ್ಣ ಮುಂದಿತ್ತಲ್ಲದೆ ನಮ್ಮ 200 ಷೇರುಗಳಿಗೆ ಅದರಿಂದ ಏನಾದೀತೆಂದು ಯೋಚಿಸಿರಲಿಲ್ಲ. ಮೂವತ್ತೊಂದು ವರ್ಷ ಕನ್ನಡ ಶಾಲೆಗಳಲ್ಲಿ ಲೆಕ್ಕ ಕಲಿಸಿದವರು ನಾವು!

ಯೋಚಿಸಿದ್ದು 2019ರಲ್ಲಿ. ಮೊದಲ ಕಂತು ಕೈಸೇರಿತ್ತು, ಷೇರಿನ ಧಾರಣೆ 520ರ ಆಸುಪಾಸಿನಲ್ಲಿತ್ತು. ಸಾವಿರ ಹಕ್ಕಿಗೆ ತಲಾ 120 ಎಂದರೆ 1,20,000 ರೂಪಾಯಿ ಎಂದು ಕ್ಯಾಲೆಂಡರಿನ ಬೆನ್ನಿನಲ್ಲಿ ಬರೆದೆವು. ಇಷ್ಟು ಹಣವನ್ನು ಬ್ಯಾಂಕು ಯಾವ ಬಾಬಿನಿಂದ ಕೊಡುತ್ತದೆ ಎಂಬ ಕುತೂಹಲದಿಂದ ಅದರ ವಾರ್ಷಿಕ ವರದಿಯ ಪುಟಗಳನ್ನು ಅಚ್ಚು ತೆಗೆಸಿ, ನೌಕರರಿಗೆ ಸಂದಾಯವಾದ ಹಣದ ಪಟ್ಟಿಯಲ್ಲಿ ಹುಡುಕಿದೆವು. ಷೇರಿನ ಹಕ್ಕಿಗೆಂದು ಅಲ್ಲಿ ಒಂದು ಕಾಸೂ ಇರಲಿಲ್ಲ.

ಕಾರಣ ಸರಳವಾದುದು. ಹಕ್ಕು ಕೊಟ್ಟ ದಿನ ಪೇಟೆಯ ಧಾರಣೆ 400, ಹಕ್ಕಿನಲ್ಲಿ ನಮೂದಿಸಿದ ಬೆಲೆಯೂ 400. ನಾನೂರರಲ್ಲಿ ನಾನೂರು ಕಳೆದರೆ ಸೊನ್ನೆ. ಆದುದರಿಂದ ಕೊಟ್ಟದ್ದು ಸೊನ್ನೆ, ವೆಚ್ಚವೂ ಸೊನ್ನೆ. 2005ರಲ್ಲಿ ನಮ್ಮ ಲೆಕ್ಕಪರಿಶೋಧಕರ ಸಂಸ್ಥೆ ಹೊರಡಿಸಿದ ಮಾರ್ಗದರ್ಶಿ ಹೀಗೆ ಬರೆಯಲು ಅವಕಾಶವಿತ್ತಿತ್ತು. ಆದರೆ ವರದಿಯ ಬಾಲದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಟಿಪ್ಪಣಿಯಿತ್ತು: ಆ ವರ್ಷ ಕೊಟ್ಟ ಹಕ್ಕುಗಳ ಸರಾಸರಿ ನ್ಯಾಯಬೆಲೆ ಒಂದಕ್ಕೆ 140 ರೂಪಾಯಿ; ಆ ಬೆಲೆಯಲ್ಲಿ ಲೆಕ್ಕ ಹಾಕಿದ್ದರೆ ಬ್ಯಾಂಕಿನ ಲಾಭ ಇಷ್ಟು ಕೋಟಿ ಕಡಿಮೆಯಾಗುತ್ತಿತ್ತು. ನ್ಯಾಯಬೆಲೆ ಎಂದೊಡನೆ ನಮಗೆ ನೆನಪಾಗುವುದು ರೇಷನ್ ಅಂಗಡಿ. ಇದು ಆ ನ್ಯಾಯಬೆಲೆಯಲ್ಲ.

ಹಾಗಾದರೆ ಯಾವುದು? ಮನೆಯಾಕೆಗೆ ಇದನ್ನು ವಿವರಿಸಬೇಕಾಗಿ ಬಂದಾಗ ನಮಗೇ ಸ್ಪಷ್ಟವಾಯಿತು. ಅಡಿಕೆ ವ್ಯಾಪಾರಿಯೊಬ್ಬ ಮನೆಗೆ ಬಂದು, “ಮಾಸ್ಟ್ರೇ, ನಾಲ್ಕು ವರ್ಷ ಕಳೆದ ಮೇಲೂ ಇವತ್ತಿನ ಧಾರಣೆಗೇ ನಿಮ್ಮ ಅಡಿಕೆ ಕೊಳ್ಳುವ ಹಕ್ಕು ನನಗಿರಲಿ. ಧಾರಣೆ ಏರಿದರೆ ಕೊಳ್ಳುತ್ತೇನೆ, ಇಳಿದರೆ ನನ್ನನ್ನು ಕೇಳಬೇಡಿ” ಎಂದರೆ ನಾವು ಒಪ್ಪುತ್ತೇವೆಯೆ? ಬಿಟ್ಟಿಯಾಗಿ ಒಪ್ಪುವುದಿಲ್ಲ. ಅಂಥ ಹಕ್ಕಿಗೆ ಇವತ್ತೇ ಏನಾದರೂ ಕೊಡು ಎನ್ನುತ್ತೇವೆ. ಆ ‘ಏನಾದರೂ’ ಎಷ್ಟೆಂಬುದೇ ನ್ಯಾಯಬೆಲೆ. ಅವಧಿ ಹೆಚ್ಚಿದಷ್ಟೂ, ಧಾರಣೆಯ ಏರಿಳಿತ ಜೋರಾದಷ್ಟೂ ಅದು ಹೆಚ್ಚುತ್ತದೆ. ಇದನ್ನು ಗುಣಿಸುವ ಒಂದು ಸೂತ್ರವನ್ನು ಅಮೆರಿಕದ ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ 1973ರಲ್ಲಿ ಪ್ರಕಟಿಸಿದರು. ಅದೇ ಕೆಲಸಕ್ಕಾಗಿ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್ ಅವರಿಗೆ 1997ರಲ್ಲಿ ನೊಬೆಲ್ ಪಾರಿತೋಷಕ ಬಂತು. ಬ್ಲ್ಯಾಕ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಸೂತ್ರದ ತುಂಬ ಮೇಲ್ತರಗತಿಯ ಗಣಿತವಿದೆ. ಅಡಿಕೆಯ ವ್ಯಾಪಾರಿ ಅದನ್ನು ಬಾಯಿಲೆಕ್ಕದಲ್ಲಿಯೇ ಮುಗಿಸಿಯಾನು.

“ಸರಿ, ಆದರೆ ಬ್ಯಾಂಕಿನ ಪೆಟ್ಟಿಗೆಯಿಂದ ಹಣ ಹೋಗಲಿಲ್ಲವಲ್ಲ. ಹೋಗದ ಹಣ ಖರ್ಚು ಹೇಗಾದೀತು?” ಎಂದು ಆಕೆ ಕೇಳಿದಳು.

ಪ್ರಶ್ನೆ ಆಕೆಯೊಬ್ಬಳದಲ್ಲ. ಆದಾಯ ತೆರಿಗೆ ಇಲಾಖೆಯವರೂ ಇದನ್ನೇ ಕೇಳಿದ್ದರು. ಬೆಂಗಳೂರಿನ ಬಯೋಕಾನ್ ಕಂಪೆನಿ ತನ್ನ ನೌಕರರಿಗೆ ಕಡಿಮೆ ಬೆಲೆಗೆ ಷೇರು ಕೊಟ್ಟು, ಬಿಟ್ಟುಕೊಟ್ಟ ಮೊತ್ತವನ್ನು ವೆಚ್ಚವೆಂದು ತೋರಿಸಿದಾಗ, ಕಾಸು ಹೋಗಲಿಲ್ಲವಾದ್ದರಿಂದ ವೆಚ್ಚವಲ್ಲವೆಂದು ಇಲಾಖೆ ವಾದಿಸಿತು. 2013ರಲ್ಲಿ ತೆರಿಗೆ ನ್ಯಾಯಮಂಡಳಿಯ ವಿಶೇಷ ಪೀಠ ಅದು ವೆಚ್ಚವೇ ಎಂದಿತು. 2020ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ಮಾತನ್ನೇ ಎತ್ತಿಹಿಡಿಯಿತು.

ಮನೆಯಾಕೆಗೆ ನ್ಯಾಯಾಲಯದ ಮಾತಿಗಿಂತ ತೋಟದ ಮಾತು ಹಿಡಿಸಿತು. ಐವರು ಪಾಲುದಾರರ 600 ಮರದ ತೋಟ. ತಲಾ 120 ಮರ. ತೋಟ ನೋಡಿಕೊಳ್ಳುವವನಿಗೆ ಸಂಬಳದ ಬದಲು ಆರನೆಯ ಪಾಲು ಕೊಟ್ಟರೆ ಮನೆಯಿಂದ ಕಾಸು ಹೋಗುವುದಿಲ್ಲ, ತೋಟದಿಂದ ಒಂದು ಹಿಂಗಾರವೂ ಹೋಗುವುದಿಲ್ಲ. ಆದರೆ ಒಬ್ಬೊಬ್ಬರ 120 ಮರ 100 ಆಗುತ್ತದೆ. ಕೊಟ್ಟವರು ಐವರು; ಅವರ ಇಪ್ಪತ್ತಿಪ್ಪತ್ತು ಮರ ಸೇರಿ ಅವನ ನೂರು. ಬ್ಯಾಂಕಿನಲ್ಲಿಯೂ ಹೀಗೆಯೇ. ಪುಸ್ತಕದಲ್ಲಿ ಒಂದು ಕಡೆ ನೌಕರರ ವೆಚ್ಚವೆಂದು ಬರೆದು, ಅಷ್ಟನ್ನೇ ಇನ್ನೊಂದು ಕಡೆ ಷೇರುದಾರರ ಬಂಡವಾಳದೊಳಗಣ ಒಂದು ಮೀಸಲಿಗೆ ಜಮೆ ಮಾಡುತ್ತಾರೆ. ನಗದಿನ ಪಟ್ಟಿಯಲ್ಲಿ ಈ ವೆಚ್ಚವನ್ನು ತಿರುಗಿ ಕೂಡಿಸುತ್ತಾರೆ. ಭಾರ ಬೀಳುವುದು ಹಳೆಯ ಷೇರುದಾರರ ಮೇಲೆ, ಅಂದರೆ ನಮ್ಮಂಥವರ ಮೇಲೆ.

“ಅಂದರೆ ಮಗನಿಗೆ ಕೊಟ್ಟವರು ನಾವೇ,” ಎಂದಳು ಆಕೆ, ಸಮಾಧಾನದಿಂದ. ನಮ್ಮ 200 ಷೇರಿನಿಂದ ಅವನಿಗೆ ಸಂದದ್ದು ಒಂದು ಚಹಾದ ಬೆಲೆಗೂ ಕಡಿಮೆಯೆಂದು ನಾವು ಹೇಳಲಿಲ್ಲ.

ಈ ವೆಚ್ಚವನ್ನು ಬರೆಯಬೇಕೇ ಬೇಡವೇ ಎಂಬುದರ ಮೇಲೆ ಅಮೆರಿಕದಲ್ಲಿ ದೊಡ್ಡ ಜಗಳವೇ ನಡೆದಿತ್ತು. 1993ರಲ್ಲಿ ಅಲ್ಲಿನ ಲೆಕ್ಕದ ನಿಯಮ ಮಾಡುವ ಮಂಡಳಿ ಬರೆಯಬೇಕೆಂದು ಹೊರಟಾಗ ಕಂಪೆನಿಗಳು ಎದ್ದುನಿಂತುವು. 1994ರಲ್ಲಿ ಸೆನೆಟ್ ಸಭೆ 88-9 ಮತಗಳಿಂದ ಅದರ ವಿರುದ್ಧ ನಿರ್ಣಯ ಮಾಡಿತು. ಮಂಡಳಿ ಹಿಂಜರಿದು, ಟಿಪ್ಪಣಿಯಲ್ಲಿ ತೋರಿಸಿದರೂ ಸಾಕೆಂದಿತು. ಎನ್ರಾನ್, ವರ್ಲ್ಡ್‌ಕಾಮ್ ಕಂಪೆನಿಗಳು ಮುಳುಗಿ ಜನರಿಗೆ ಲೆಕ್ಕಪುಸ್ತಕಗಳ ಮೇಲಣ ವಿಶ್ವಾಸವೇ ಹೋದ ಬಳಿಕ, 2004ರಲ್ಲಿ ಅಮೆರಿಕದ ನಿಯಮವೂ ಅಂತರರಾಷ್ಟ್ರೀಯ ನಿಯಮವೂ ಇದನ್ನು ವೆಚ್ಚದಲ್ಲಿಯೇ ಬರೆಯಬೇಕೆಂದುವು. ನಮ್ಮಲ್ಲಿ ದೊಡ್ಡ ಬ್ಯಾಂಕೇತರ ಹಣಕಾಸು ಕಂಪೆನಿಗಳು 2018ರಿಂದ ಹೊಸ ಕ್ರಮಕ್ಕೆ ಬಂದುವು. ಬ್ಯಾಂಕುಗಳ ಮಟ್ಟಿಗೆ ಆ ಹೊಸ ಲೆಕ್ಕಕ್ರಮವನ್ನು ರಿಸರ್ವ್ ಬ್ಯಾಂಕು 2019ರಲ್ಲಿ ಮುಂದೂಡಿತು. ಅಂತೂ ನಮ್ಮ ಮಗನ ಸಾವಿರ ಹಕ್ಕುಗಳು ಟಿಪ್ಪಣಿಯ ಇರುವೆ ಸಾಲಿನಲ್ಲಿಯೇ ಉಳಿದುವು.

ಇನ್ನು ನಮ್ಮ ಅವಿವೇಕದ ಕಥೆ. ಕ್ಯಾಲೆಂಡರಿನ ಬೆನ್ನಿನ ಲೆಕ್ಕವನ್ನು ನಂಬಿ 2019ರ ಡಿಸೆಂಬರಿನಲ್ಲಿ ಸಹಕಾರಿ ಸಂಘದಿಂದ ಮೂರು ಲಕ್ಷ ರೂಪಾಯಿ ಸಾಲ ತೆಗೆದೆವು. ಸಾಲದ ಕಾಗದವೆಲ್ಲ ಮಲಯಾಳದಲ್ಲಿ; ಗುಮಾಸ್ತರು ಓದಿ ಹೇಳಿದಲ್ಲಿ ಸಹಿ ಹಾಕಿದೆವು. ಹಕ್ಕಿನ ಕಾಗದ ಇಂಗ್ಲಿಷು, ಸಾಲದ ಕಾಗದ ಮಲಯಾಳ, ಎರಡನ್ನೂ ನಂಬಿ ಕೂಡಿಸಿದ ಮನಸ್ಸು ಮಾತ್ರ ಕನ್ನಡದ್ದು. ಫೆಬ್ರವರಿಯಲ್ಲಿ ಹಳೆಯ ಹಂಚಿನ ಮಾಡು ಇಳಿಸಿದೆವು. ಮಾರ್ಚಿಯಲ್ಲಿ ಲೋಕವೇ ಬಾಗಿಲು ಹಾಕಿತು. ತಲಪಾಡಿಯ ಗಡಿ ಮುಚ್ಚಿದುದು, ರಸ್ತೆಗಳಿಗೆ ಮಣ್ಣು ಸುರಿದುದು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ನಮ್ಮ ರೋಗಿಗಳು ಈಚೆ ನಿಂತುದು, ಈ ಪತ್ರಿಕೆಯ ಓದುಗರಿಗೆ ನಾವು ಹೇಳಬೇಕಾದುದಿಲ್ಲ. ಅದೇ ತಿಂಗಳು ಷೇರುಪೇಟೆ ಕುಸಿಯಿತು. 520 ಇದ್ದ ಷೇರು 210ಕ್ಕಿಳಿಯಿತು. ಪೇಟೆಯಲ್ಲಿ 210ಕ್ಕೆ ಸಿಗುವುದನ್ನು 400 ಕೊಟ್ಟು ಕೊಳ್ಳುವ ಹಕ್ಕು ಯಾರಿಗೆ ಬೇಕು? ಆ ಮಳೆಗಾಲವನ್ನು ನಾವು ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕಳೆದೆವು. ಪಂಚಾಂಗದ ಗೂಡೊಂದು ನೆನೆಯಲಿಲ್ಲ.

ಆ ವರ್ಷದ ವರದಿಯಲ್ಲಿಯೂ ಟಿಪ್ಪಣಿಯಿತ್ತು. ನಮ್ಮ ಮಗನ ಹಕ್ಕಿನ ನ್ಯಾಯಬೆಲೆ ಆಗಲೂ 140 ರೂಪಾಯಿಯೇ. ಕೊಟ್ಟ ದಿನ ಒಮ್ಮೆ ಕಟ್ಟಿದ ಬೆಲೆಯನ್ನು ಧಾರಣೆ ಇಳಿಯಿತೆಂದು ತಿದ್ದುವುದಿಲ್ಲ. ಹಕ್ಕು ಕೈಸೇರಿದ ಮೇಲೆ ಯಾರೂ ಬಳಸದೆ ಹೋದರೂ ವೆಚ್ಚ ವೆಚ್ಚವಾಗಿಯೇ ಉಳಿಯುತ್ತದೆ. ನಮಗೆ ಸಿಟ್ಟು ಬಂತು. ಮಗನಿಗೆ ಸೊನ್ನೆ, ಅವರ ಪುಸ್ತಕದಲ್ಲಿ 1,40,000! ಫೋನಿನಲ್ಲಿ ಕೂಗಾಡಿದೆವು. ಅವನು ತಾಳ್ಮೆಯಿಂದ, “ಅಪ್ಪಾ, ಅದು ನನಗೆ ಸಿಕ್ಕಿದ ಹಣದ ಲೆಕ್ಕವಲ್ಲ. ನಾನು ಇಲ್ಲಿರುವುದಕ್ಕೆ ಅವರು ಒಪ್ಪಿದ ಬೆಲೆಯ ಲೆಕ್ಕ” ಎಂದ. ಆ ಮಾತು ಆಗ ನಮ್ಮ ತಲೆಗೆ ಹೋಗಲಿಲ್ಲ.

ಹೋದದ್ದು 2021ರ ಜನವರಿಯಲ್ಲಿ. ಮನೆಯಾಕೆ ತೋಟದ ಉಜಿರು ಕಣಿ ದಾಟುವಾಗ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮಗ ಬಂದು ಹನ್ನೊಂದು ದಿನ ಹಾಸಿಗೆಯ ಪಕ್ಕದಲ್ಲಿದ್ದ. ಆ ದಿನಗಳಲ್ಲಿಯೇ ಮಂಗಳೂರಿನ ಒಂದು ಸಣ್ಣ ಹಣಕಾಸು ಸಂಸ್ಥೆಯಲ್ಲಿ ಅವನಿಗೆ ಕೆಲಸದ ಮಾತು ಬಂತು. ಸಂಬಳ ಕಡಿಮೆ, ಆದರೆ ವಾರಕ್ಕೊಮ್ಮೆ ಮನೆಗೆ ಬರಬಹುದು. ಅವನು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ವರಾಂಡದಲ್ಲಿ ನಿಂತು, “ಜುಲೈಗೆ ಮೂರನೇ ಕಂತು ಅಪ್ಪಾ, ಬರುವ ವರ್ಷ ನಾಲ್ಕನೆಯದು. ಈಗ ಬಿಟ್ಟರೆ ಐನೂರು ಹಕ್ಕು ಹೋಗುತ್ತದೆ. ಸಂಘದ ಸಾಲ ಬೇರೆ ಇದೆ” ಎಂದ.

ಸಾಲ ಮಾಡಿದವರು ನಾವು. ನಾವೇನು ಹೇಳೋಣ?

ಅಂದು ರಾತ್ರಿ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಲೆಕ್ಕದ ನಿಯಮವನ್ನು ಮತ್ತೆ ನೆನಪಿಸಿಕೊಂಡೆವು. ಷೇರಿನ ಹಕ್ಕಿನ ನ್ಯಾಯಬೆಲೆಯನ್ನು ಕೊಟ್ಟ ವರ್ಷವೇ ಪೂರ್ತಿ ಬರೆಯುವುದಿಲ್ಲ. ಹಕ್ಕು ಕೈಸೇರುವವರೆಗಿನ ವರ್ಷಗಳ ಮೇಲೆ ಹಂಚುತ್ತಾರೆ. ಏಕೆಂದರೆ ಬ್ಯಾಂಕು ಆ ಬೆಲೆಗೆ ಕೊಳ್ಳುವುದು ನೌಕರನ ಆ ವರ್ಷಗಳ ಸೇವೆಯನ್ನು. ಅವನು ನಡುವೆ ಬಿಟ್ಟುಹೋದರೆ ಕೈಸೇರದ ಕಂತುಗಳಿಗೆಂದು ಅದುವರೆಗೆ ಬರೆದುದನ್ನು ತಿರುಗಿ ಅಳಿಸುತ್ತಾರೆ. ಕೊಂಡ ವಸ್ತು ಪೂರ್ತಿ ಬರಲಿಲ್ಲವೆಂದು. ಟಿಪ್ಪಣಿಯ ಇರುವೆ ಸಾಲಿನ ಅರ್ಥ ನಮಗೆ ಹೊಳೆದುದು ಆಗ. ಅಲ್ಲಿ ಬರೆದಿದ್ದುದು ಅವನ ನಾಲ್ಕು ವರ್ಷ. ಬೆನ್ನ ಹಿಂದಣ ಗೋಡೆಯಲ್ಲಿದ್ದ ಔಷಧದ ಜಾಹೀರಾತಿನ ಅಂಚಿನಲ್ಲಿ ಬೆರಳಿನಿಂದಲೇ ಭಾಗಿಸಿದೆವು: 1,40,000 ರೂಪಾಯಿ, 48 ತಿಂಗಳು, ತಿಂಗಳಿಗೆ 2,917.

ಬೆಳಗ್ಗೆ ಮನೆಯಾಕೆಗೆ ಅದನ್ನು ಹೇಳಿದೆವು. ಹೇಳಬಾರದಿತ್ತು. ಆಕೆ ಬಹಳ ಹೊತ್ತು ಮಾಡು ನೋಡಿ, “ಅಷ್ಟನ್ನು ನಿಮ್ಮ ಪೆನ್ಷನಿನಿಂದ ನಾವೇ ಕೊಡುತ್ತಿದ್ದೆವಲ್ಲ” ಎಂದಳು.

ಮಗ ಮುಂಬಯಿಗೆ ಮರಳಿದ. ಅವನನ್ನು ದೂರಲಾರೆವು. ಅವನಿಗೂ ಸಂಸಾರವಿದೆ, ನಮ್ಮ ಮಾಡಿನ ಭಾರವೂ ಅವನ ತಲೆಯ ಮೇಲಿತ್ತು. ಬ್ಯಾಂಕನ್ನೂ ದೂರಲಾರೆವು, ನೌಕರ ನಾಲ್ಕು ವರ್ಷ ನಿಲ್ಲಲಿ ಎಂಬುದಕ್ಕಾಗಿಯೇ ಇಂಥ ಯೋಜನೆ ಮಾಡುವುದು, ಅದನ್ನು ಯಾರೂ ಮುಚ್ಚಿಡುವುದಿಲ್ಲ. ನಮಗೆ ಖೇದವಾದುದು ಬೇರೊಂದಕ್ಕೆ. ಇಷ್ಟು ನಿಜವಾದ ವೆಚ್ಚವೊಂದು ಮುಖ್ಯ ಲೆಕ್ಕದಲ್ಲಿ ಸೊನ್ನೆಯಾಗಿತ್ತಲ್ಲ! ಸಂಬಳ ಕೊಟ್ಟರೆ ಲಾಭ ಇಳಿಯುತ್ತದೆ, ಹಕ್ಕು ಕೊಟ್ಟರೆ ಇಳಿಯುವುದಿಲ್ಲ ಎಂದಾದರೆ ಯಾವ ಆಡಳಿತ ಮಂಡಳಿ ತಾನೆ ಹಕ್ಕನ್ನು ಧಾರಾಳವಾಗಿ ಹಂಚದು?

ಅದೇ ವರ್ಷ, 2021ರ ಆಗಸ್ಟ್ 30ರಂದು ರಿಸರ್ವ್ ಬ್ಯಾಂಕು ಖಾಸಗಿ ಬ್ಯಾಂಕುಗಳಿಗೆ ಒಂದು ಸ್ಪಷ್ಟೀಕರಣ ಕಳುಹಿಸಿತು. 2019ರ ನವೆಂಬರಿನಲ್ಲಿ ಅದು ಮುಖ್ಯಾಧಿಕಾರಿಗಳ ಮತ್ತು ದೊಡ್ಡ ಹೊಣೆಯುಳ್ಳ ನೌಕರರ ಸಂಭಾವನೆಯ ಕುರಿತು ಮಾರ್ಗದರ್ಶಿ ಹೊರಡಿಸಿತ್ತು. ಅಂಥವರಿಗೆ 2021ರ ಮಾರ್ಚ್ 31ಕ್ಕೆ ಮುಗಿದ ಲೆಕ್ಕದ ಅವಧಿಯ ಬಳಿಕ ಕೊಡುವ ಷೇರು ಹಕ್ಕುಗಳನ್ನು ಕೊಟ್ಟ ದಿನದ ನ್ಯಾಯಬೆಲೆಯಲ್ಲಿ ಅಳೆದು ವೆಚ್ಚವೆಂದೇ ಬರೆಯಬೇಕು ಎಂಬುದು ಸ್ಪಷ್ಟೀಕರಣದ ತಿರುಳು. ನಮ್ಮ ಮಗನ ಬ್ಯಾಂಕು ಈ ಕ್ರಮವನ್ನು ಎಲ್ಲ ನೌಕರರ ಹೊಸ ಹಕ್ಕುಗಳಿಗೂ ಅನ್ವಯಿಸಿತು. 2022ರ ವರದಿಯಲ್ಲಿ ನೌಕರರ ವೆಚ್ಚದ ಬಾಬಿನಲ್ಲಿಯೇ ಅದನ್ನು ಕಂಡೆವು. ಷೇರುದಾರರಾಗಿ ನಮ್ಮ ಪಾಲಿನ ಲಾಭ ಕೆಲವು ಪೈಸೆ ಇಳಿದಿತ್ತು. ಸಂತೋಷವೇ ಆಯಿತು. ಕಂಪೆನಿಗಳು ಈಗಲೂ ಒಮ್ಮೊಮ್ಮೆ ಈ ವೆಚ್ಚವನ್ನು ಬದಿಗಿಟ್ಟು, ಅದಿಲ್ಲದಿದ್ದರೆ ಲಾಭ ಇಷ್ಟೆಂದು ಬೇರೆ ತೋರಿಸುವುದುಂಟು. ಹೆಂಡತಿಯ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ ತೋಟದ ಆದಾಯ ಹೇಳುವ ಗಂಡಸರು ನಮ್ಮೂರಿನಲ್ಲಿಯೂ ಇದ್ದಾರೆ, ಅವರಲ್ಲಿ ನಾವೂ ಒಬ್ಬರು.

ಕೊನೆಗೆ ಸಾವಿರ ಹಕ್ಕುಗಳು ಏನಾದುವು ಎಂದು ಓದುಗರು ಕೇಳಬಹುದು. 2022ರ ಆಗಸ್ಟಿನಲ್ಲಿ ಷೇರು 610ಕ್ಕೆ ಏರಿದಾಗ ಮಗ ಎಲ್ಲವನ್ನೂ ಬಳಸಿದ. ಮೊದಲು ನಾಲ್ಕು ಲಕ್ಷ ಕಟ್ಟಬೇಕು. ಪೇಟೆಯ ಬೆಲೆಗೂ ಹಕ್ಕಿನ ಬೆಲೆಗೂ ಇರುವ 2,10,000 ರೂಪಾಯಿಯ ಅಂತರ ಸಂಬಳದೊಡನೆ ಸೇರುತ್ತದೆ. ಒಂದು ಷೇರನ್ನೂ ಮಾರುವ ಮೊದಲೇ ಅದಕ್ಕೆ 65,520 ರೂಪಾಯಿ ತೆರಿಗೆ. ಕೈಯಲ್ಲಿ ಕಾಸಿಲ್ಲದವನಿಗೆ ಈ ಹಕ್ಕು ಬಳಸುವುದೂ ಸುಲಭವಲ್ಲ. ಮನೆಯಾಕೆಯ ಬಳೆಗಳು ಒಂದು ವಾರ ಬ್ಯಾಂಕಿನಲ್ಲಿ ಅಡವಿದ್ದು ಬಂದುವು. ಹೆಚ್ಚುಕಡಿಮೆ ಅದೇ ಧಾರಣೆಗೆ ಮಾರಿ, ಎಲ್ಲ ಕಳೆದು ಉಳಿದದ್ದು 1,44,000ದಷ್ಟು. ಸೂತ್ರ ನಾಲ್ಕು ವರ್ಷದ ಹಿಂದೆ ಹೇಳಿದ 1,40,000ಕ್ಕೆ ಇದು ಇಷ್ಟು ಹತ್ತಿರ ಬಂದದ್ದು ಕೇವಲ ಕಾಕತಾಳೀಯ. ತೆರಿಗೆ ಕಳೆದ ಮೇಲಿನ ಹಣವನ್ನು ಸೂತ್ರ ಹೇಳುವುದೇ ಇಲ್ಲ. ಆದರೂ ಲೆಕ್ಕದ ಮಾಸ್ತರನ ಮನಸ್ಸು ಅರ್ಧ ಗಳಿಗೆ ಬೆರಗಾಯಿತು. ಸಂಘದ ಸಾಲ ಅರ್ಧ ತೀರಿತು. ಉಳಿದರ್ಧವನ್ನು ಎರಡು ವರ್ಷದ ಅಡಿಕೆ ತೀರಿಸಿತು.

ಆದರೆ 2021ರ ಅಕ್ಟೋಬರಿನಲ್ಲಿಯೇ ಎರಡನೆಯ ಕಾಗದ ಬಂದಿತ್ತು: 800 ಹಕ್ಕು, 480ರ ಬೆಲೆ, ಮತ್ತೆ ನಾಲ್ಕು ಕಂತು. ಇದು ವೆಚ್ಚದ ಬಾಬಿನಲ್ಲಿಯೇ ಬರೆಯಲ್ಪಟ್ಟದ್ದು. ಮನೆಯಾಕೆ ಅದಕ್ಕೆ ಕುಂಕುಮ ಹಚ್ಚಲಿಲ್ಲ. ಹಳೆಯದರ ಕೆಳಗೆ ಮಡಚಿ ಇಟ್ಟಳು. ಅದರ ಕೊನೆಯ ಕಂತು 2025ರ ಅಕ್ಟೋಬರಿನಲ್ಲಿ ಕೈಸೇರಿತು. ಆ ದೀಪಾವಳಿಗೆ ಮಗ ಸಂಸಾರಸಮೇತ ಬಂದಿದ್ದ. ಒಂದು ದಿನ ಬೈಕಿನಲ್ಲಿ ಮಂಗಳೂರಿಗೆ ಹೋಗಿ ಸಂಜೆ ಬಂದ. ಏಕೆಂದು ನಾವು ಕೇಳಲಿಲ್ಲ. ಊಟಕ್ಕೆ ಕುಳಿತಾಗ ಸೊಸೆ, ಕಂಕನಾಡಿಯ ಕಡೆ ಮನೆಬಾಡಿಗೆ ಎಷ್ಟಿರಬಹುದು ಎಂದು ಅತ್ತೆಯನ್ನು ಕೇಳಿದಳು. ಈಕೆಗೇನು ಗೊತ್ತು? ಆದರೂ ಒಂದು ಮೊತ್ತ ಹೇಳಿದಳು, ಬಹಳ ಕಡಿಮೆ ಮಾಡಿ.

ಮೂರನೆಯ ಕಾಗದ ಬಂದಿದೆಯೋ ಇಲ್ಲವೋ ಅವನು ಹೇಳಿಲ್ಲ. ಈ ಸಲದ ವಾರ್ಷಿಕ ವರದಿಯ ಪುಟಗಳನ್ನು ನಾವಿನ್ನೂ ತೆಗೆಸಿಲ್ಲ. ಕುಂಬಳೆಯ ಅಂಗಡಿಯವನು ಪುಟಕ್ಕೆ ಮೂರು ರೂಪಾಯಿ ಮಾಡಿದ್ದಾನಂತೆ.